ಸಾಹೇಬರ ಮೇಲೆ ಮನಸ್ಸು: ನಗುವಿನ ಆಚೆಗಿನ ಮಾತು



ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಬಹಳ ಜನ ಇನ್ನು ಕೆಲವೇ ವರ್ಷಗಳಲ್ಲಿ ಒಂದಲ್ಲ ಒಂದು ಕಡೆ ಕೆಲಸಕ್ಕೆ ಸೇರುತ್ತೀರಿ. ಕೆಲವರು ಊರಿನ ಸಹಕಾರಿ ಸಂಘ, ಬ್ಯಾಂಕು, ಆಸ್ಪತ್ರೆ, ಶಾಲೆಗಳಲ್ಲಿ ಸೇರಬಹುದು. ಇನ್ನು ಕೆಲವರು ಹುಬ್ಬಳ್ಳಿ, ಬೆಂಗಳೂರಿನ ಬಸ್ಸು ಹತ್ತಬಹುದು. ಕೆಲಸದ ಬಗ್ಗೆ ನಿಮಗೆ ಅನೇಕ ಪಾಠಗಳು ದೊರೆಯುತ್ತವೆ. ಅರ್ಜಿ ಬರೆಯುವುದು ಹೇಗೆ, ಸಂದರ್ಶನ ಎದುರಿಸುವುದು ಹೇಗೆ ಎಂದು ಹೇಳಿಕೊಡುವವರಿದ್ದಾರೆ. ಆದರೆ ಕೆಲಸದ ಜಾಗದಲ್ಲಿ ಮನಸ್ಸಿಗೆ ಏನಾಗಬಹುದು ಎಂದು ಹೇಳುವವರು ಕಡಿಮೆ. ಇಂದು ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ. ತಮ್ಮ ಮೇಲಧಿಕಾರಿಯ ಮೇಲೆ ಹುಟ್ಟುವ, ಹೇಳಿಕೊಳ್ಳಲಾಗದ, ಮರಳಿ ಬಾರದ ಒಲವು ಇಂದಿನ ವಿಷಯ. ನಿಮ್ಮ ಮಾತಿನಲ್ಲಿ ಹೇಳುವುದಾದರೆ 'ಕ್ರಶ್'.

ಇದು ನಗುವ ವಿಷಯ ಎಂದು ನಿಮಗೆ ಅನ್ನಿಸಬಹುದು. ಅದರಲ್ಲಿ ತಪ್ಪಿಲ್ಲ. ಕಿರುತೆರೆಯ ಹಾಸ್ಯ ಧಾರಾವಾಹಿಗಳು ಇದನ್ನು ನಗುವ ವಿಷಯವಾಗಿಯೇ ನಮಗೆ ಕೊಟ್ಟಿವೆ. ಕಚೇರಿಯನ್ನು ಹಿನ್ನೆಲೆಯಾಗಿಟ್ಟುಕೊಂಡ ಧಾರಾವಾಹಿಗಳಲ್ಲಿ ಇಂಥ ಪಾತ್ರ ಮತ್ತೆ ಮತ್ತೆ ಕಾಣುತ್ತದೆ. ಸಾಹೇಬರು ಬರುವ ಮೊದಲೇ ಅವರ ಮೇಜು ಒರೆಸಿಡುವ, ಅವರು ಬೈದರೂ ನನ್ನನ್ನು ಗಮನಿಸಿದರಲ್ಲ ಎಂದು ಹಿಗ್ಗುವ, 'ಚಹಾ ಚೆನ್ನಾಗಿದೆ' ಎಂಬ ಒಂದು ಮಾತನ್ನು ವಾರವಿಡೀ ಮೆಲುಕು ಹಾಕುವ ಪಾತ್ರ ಅದು. ಅದರ ಮನಸ್ಸು ಕಚೇರಿಯ ಎಲ್ಲರಿಗೂ ಗೊತ್ತು, ನೋಡುವ ನಮಗೂ ಗೊತ್ತು. ಗೊತ್ತಿಲ್ಲದವರು ಸಾಹೇಬರೊಬ್ಬರೇ.

ಇದಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಉದಾಹರಣೆ ಅಮೆರಿಕದ 'ದಿ ಸಿಂಪ್ಸನ್ಸ್' ಎಂಬ ವ್ಯಂಗ್ಯಚಿತ್ರ ಧಾರಾವಾಹಿಯಲ್ಲಿದೆ. 1989ರ ಡಿಸೆಂಬರಿನಲ್ಲಿ ಅದು ಪ್ರಾರಂಭವಾಯಿತು. ಅದರಲ್ಲಿ ಬರ್ನ್ಸ್ ಎಂಬ ಮುದುಕ ಒಂದು ಅಣು ವಿದ್ಯುತ್ ಸ್ಥಾವರದ ಮಾಲೀಕ. ಸ್ಥಾವರ ಎಂದೊಡನೆ ನಮ್ಮ ಜಿಲ್ಲೆಯವರಿಗೆ ಕೈಗಾ ನೆನಪಾಗುತ್ತದೆ. ಆದರೆ ಇದು ಕಲ್ಪನೆಯ ಊರಿನ ಕಲ್ಪನೆಯ ಸ್ಥಾವರ. ಬರ್ನ್ಸ್ ಜಿಪುಣ, ಕ್ರೂರಿ, ತನ್ನ ಕೆಲಸಗಾರರ ಹೆಸರನ್ನೂ ನೆನಪಿಟ್ಟುಕೊಳ್ಳದವನು. ಸ್ಮಿದರ್ಸ್ ಎಂಬಾತ ಅವನ ಆಪ್ತ ಸಹಾಯಕ. ಊರೆಲ್ಲ ದ್ವೇಷಿಸುವ ಈ ಮುದುಕನನ್ನು ಸ್ಮಿದರ್ಸ್ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಾನೆ. ಬರ್ನ್ಸನಿಗೆ ಅದರ ಗಾಳಿಯೂ ತಾಗುವುದಿಲ್ಲ. ಇಬ್ಬರಿಗೂ ದೀರ್ಘಕಾಲ ದನಿ ಕೊಟ್ಟವನು ಹ್ಯಾರಿ ಶಿಯರರ್ ಎಂಬ ಒಬ್ಬನೇ ನಟ. ಪ್ರೀತಿಸುವವನೂ, ಅದನ್ನು ಅರಿಯದವನೂ ಒಂದೇ ಕಂಠದಿಂದ ಮಾತನಾಡುತ್ತಾರೆ.

ಇಂಥ ಪಾತ್ರ ನಮ್ಮನ್ನು ನಗಿಸುವುದು ಹೇಗೆ? ಇದರ ಹಿಂದೆ ಮೂರು ಸಂಗತಿಗಳಿವೆ. ಮೊದಲನೆಯದು ಗುಟ್ಟು. ಪಾತ್ರಕ್ಕೆ ತಿಳಿಯದ ಸಂಗತಿ ನಮಗೆ ತಿಳಿದಿದ್ದಾಗ ಸಾಧಾರಣ ಮಾತಿಗೂ ಎರಡು ಅರ್ಥ ಬರುತ್ತದೆ. 'ಬೇಗ ಬಾ' ಎಂದು ಸಾಹೇಬರು ಕಡತಕ್ಕಾಗಿ ಕರೆದರೆ, ಓಡಿಬರುವವನು ಬೇರೆಯೇ ಕರೆ ಕೇಳಿಸಿಕೊಂಡಿರುತ್ತಾನೆ. ಎರಡನೆಯದು ಅಂತಸ್ತು. ಮೇಲಿರುವವನು ಕುರ್ಚಿಯಲ್ಲಿ ಕುಳಿತಿದ್ದಾನೆ, ಕೆಳಗಿನವನು ಅವನ ಮುಂದೆ ಕೈಕಟ್ಟಿ ನಿಂತಿದ್ದಾನೆ. ಕೈಕಟ್ಟಿ ನಿಂತವನ ಎದೆಯಲ್ಲಿ ಏನಿದೆ ಎಂದು ಕುರ್ಚಿ ಕೇಳುವುದಿಲ್ಲ. ಮೂರನೆಯದು ಧಾರಾವಾಹಿಯ ರಚನೆ. ಹಾಸ್ಯ ಧಾರಾವಾಹಿಯಲ್ಲಿ ಪ್ರತಿ ವಾರ ಕಥೆ ಮೊದಲಿದ್ದ ಜಾಗಕ್ಕೇ ಮರಳಬೇಕು. ಒಲವು ಫಲಿಸಿದರೆ ಪಾತ್ರದ ಕೆಲಸ ಮುಗಿಯಿತು, ಬತ್ತಿಹೋದರೂ ಮುಗಿಯಿತು. ಆದ್ದರಿಂದ ಅದು ಫಲಿಸದೆ, ಬತ್ತದೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ನಿಜ ಜೀವನದಲ್ಲಿ ಯಾವ ಮನುಷ್ಯನೂ ಹಾಗೆ ಉಳಿಯಲಾರ.

ಸ್ಮಿದರ್ಸನ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಅವನು ಗಂಡಸು, ಪ್ರೀತಿಸಿದ್ದು ಗಂಡಸನ್ನು. ಆರಂಭದ ವರ್ಷಗಳಲ್ಲಿ ನಗುವಿನ ಒಂದು ಪಾಲು ಅದರಿಂದಲೇ ಬರುತ್ತಿತ್ತು. ಕಾಲ ಬದಲಾದಂತೆ ಆ ನಗೆ ಹಳಸಿತು. 2016ರ ಏಪ್ರಿಲಿನ ಒಂದು ಕಂತಿನಲ್ಲಿ ಅವನು ತನ್ನ ಸ್ವಭಾವವನ್ನು ಮರೆಮಾಚದೆ ಬದುಕುವವನಾಗಿ ಕಾಣಿಸಿಕೊಂಡ. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ನಡುವಿನ, ಇಬ್ಬರಿಗೂ ಒಪ್ಪಿಗೆಯಿರುವ ಇಂಥ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಯಾರು ಯಾರನ್ನು ಪ್ರೀತಿಸಿದರು ಎಂಬುದೇ ನಗೆಯ ವಿಷಯವಾಗಬಾರದು. ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ಇಬ್ಬರ ನಡುವೆ ಅಧಿಕಾರ ಯಾರ ಕೈಯಲ್ಲಿದೆ, 'ಒಲ್ಲೆ' ಎನ್ನುವ ಸ್ವಾತಂತ್ರ್ಯ ಯಾರಿಗಿದೆ ಎಂಬುದು.

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೇಶದ ಒಂದು ಧಾರಾವಾಹಿಯನ್ನು ನೋಡೋಣ. 2003ರಿಂದ 2006ರವರೆಗೆ ಹಿಂದಿಯಲ್ಲಿ 'ಜಸ್ಸಿ ಜೈಸಿ ಕೋಯಿ ನಹೀ' ಪ್ರಸಾರವಾಯಿತು. ಅದರ ಮೂಲ ದಕ್ಷಿಣ ಅಮೆರಿಕದ ಕೊಲಂಬಿಯಾದ ಒಂದು ಧಾರಾವಾಹಿ. ದಪ್ಪ ಕನ್ನಡಕ, ಹಲ್ಲಿಗೆ ತಂತಿ ಹಾಕಿಕೊಂಡ ಮಧ್ಯಮ ವರ್ಗದ ಹುಡುಗಿ ಜಸ್ಸಿ, ಒಂದು ಫ್ಯಾಷನ್ ಸಂಸ್ಥೆಯಲ್ಲಿ ಸಾಹೇಬನ ಕಾರ್ಯದರ್ಶಿ. ಅವಳಿಗೆ ಅವನ ಮೇಲೆ ಮನಸ್ಸು. ಮೊದಮೊದಲು ಅವಳ ಪರದಾಟ ನಮ್ಮನ್ನು ನಗಿಸುತ್ತದೆ. ಮುಂದೆ ಸಂಸ್ಥೆ ಅವಳ ಕೈಗೆ ಸಿಗುವ ಪರಿಸ್ಥಿತಿ ಬರುತ್ತದೆ. ಆಗ ಅದನ್ನು ಉಳಿಸಿಕೊಳ್ಳುವುದಕ್ಕಾಗಿ ಸಾಹೇಬ ಅವಳನ್ನು ಪ್ರೀತಿಸುವವನಂತೆ ನಟಿಸುತ್ತಾನೆ. ಅಲ್ಲಿಗೆ ನಗು ನಿಲ್ಲುತ್ತದೆ. ಕೆಳಗಿನವರ ಒಲವು ಮೇಲಿನವರಿಗೆ ತಿಳಿದಾಗ ಅದು ಅವರ ಕೈಯಲ್ಲಿ ಒಂದು ಹತಾರವೂ ಆಗಬಹುದು ಎಂಬ ಎಚ್ಚರ ಈ ಕಥೆಯಲ್ಲಿದೆ.

ಇವೆಲ್ಲ ಕಿರುತೆರೆಯ ಮಾತಾಯಿತು. ಕಿರುತೆರೆ ಬರುವುದಕ್ಕೆ ಬಹಳ ಮೊದಲೇ ನಮ್ಮ ಮೂರು ತಾಲ್ಲೂಕುಗಳಲ್ಲಿ ರಾತ್ರಿ ಇಡೀ ನಗಿಸುವ, ಬೆಳಗಿನ ಜಾವಕ್ಕೆ ಯೋಚನೆಗೆ ಹಚ್ಚುವ ಒಂದು ರಂಗವಿತ್ತು, ಈಗಲೂ ಇದೆ. ಅದು ಯಕ್ಷಗಾನ. ಆಟಕ್ಕೆ ವೇಷ ಬೇಕು, ಚೌಕಿ ಬೇಕು, ರಂಗಸ್ಥಳ ಬೇಕು. ತಾಳಮದ್ದಲೆಗೆ ಅದೂ ಬೇಡ, ಮನೆಯ ಜಗಲಿ ಸಾಕು. ಶಿರಸಿ ತಾಲ್ಲೂಕಿನ ಹೊಸ್ತೋಟ ಮಂಜುನಾಥ ಭಾಗವತರಂಥವರು ಊರೂರು ತಿರುಗಿ ಈ ಕಲೆಯನ್ನು ಕಲಿಸಿದರು. 2020ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯರು ಇಂದಿಗೂ ಕಲಿಸುತ್ತಿದ್ದಾರೆ. ಮರಳಿ ಬಾರದ ಒಲವು ಎಂಬ ನಮ್ಮ ವಿಷಯ ಈ ರಂಗದಲ್ಲಿ ಹೇಗೆ ಬಂದಿದೆ ಎಂದು ಈಗ ಗಮನಿಸೋಣ.

ಮೊದಲನೆಯದು ಕಚ-ದೇವಯಾನಿಯರ ಕಥೆ. ಕಚ ಶುಕ್ರಾಚಾರ್ಯರಲ್ಲಿ ಮೃತಸಂಜೀವಿನಿ ವಿದ್ಯೆ ಕಲಿಯಲು ಬಂದ ವಿದ್ಯಾರ್ಥಿ. ದೇವಯಾನಿ ಗುರುಗಳ ಮಗಳು. ರಾಕ್ಷಸರು ಕಚನನ್ನು ಕೊಂದಾಗಲೆಲ್ಲ ತಂದೆಯನ್ನು ಕಾಡಿ ಬೇಡಿ ಅವನನ್ನು ಬದುಕಿಸಿಕೊಂಡವಳು ಅವಳೇ. ವಿದ್ಯೆ ಮುಗಿಸಿ ಹೊರಟವನ ಮುಂದೆ ಅವಳು ಮನಸ್ಸನ್ನು ಹೇಳಿಕೊಂಡಳು. ಗುರುಪುತ್ರಿ ತನಗೆ ತಂಗಿಯ ಸಮಾನ ಎಂದು ಕಚ ಒಪ್ಪಲಿಲ್ಲ. ಒಲವು ಸಿಟ್ಟಾಯಿತು. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂದು ಅವಳು ಶಪಿಸಿದಳು. ವಿದ್ಯಾರ್ಥಿಯಾದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಉಂಟೆ? ನನಗೆ ಫಲಿಸದಿದ್ದರೇನು, ನಾನು ಯಾರಿಗೆ ಕಲಿಸುತ್ತೇನೋ ಅವರಿಗೆ ಫಲಿಸುತ್ತದೆ ಎಂದ ಕಚ, ಅವಳಿಗೂ ಪ್ರತಿಶಾಪ ಕೊಟ್ಟು ಹೊರಟ. ಇಬ್ಬರೂ ಕೆಟ್ಟವರಲ್ಲ. ಆದರೂ ಒಂದು ನಿರಾಕರಣೆಯನ್ನು ನುಂಗಿಕೊಳ್ಳಲಾರದೆ ಹೋದದ್ದರಿಂದ ಇಬ್ಬರಿಗೂ ನಷ್ಟವಾಯಿತು. ಮನೆತನದ ಬಲವಿದ್ದವಳು, ಒಲ್ಲೆ ಎಂದವನ ಕಲಿಕೆಯ ಮೇಲೆ ಕೈಹಾಕಿದಳು ಎಂಬುದನ್ನು ನೆನಪಿಡಿ. ಈ ಮಾತು ಮುಂದೆ ಬೇಕಾಗುತ್ತದೆ.

ಎರಡನೆಯದು ಊರ್ವಶಿಯ ಕಥೆ. ಊರ್ವಶಿ ಇಂದ್ರನ ಸಭೆಯ ನರ್ತಕಿ. ಇಂದಿನ ಮಾತಿನಲ್ಲಿ ಹೇಳಿದರೆ ಆ ಸಭೆಯ ಉದ್ಯೋಗಿ. ಅರ್ಜುನ ಇಂದ್ರನ ಮಗ, ಎಂದರೆ ಯಜಮಾನರ ಮನೆಯ ಹುಡುಗ. ಕೆಳಗಿನವರ ಒಲವು ಮೇಲಿನ ಮನೆಯ ಕಡೆ ಹರಿದ ಕಥೆ ಇದು. ಅವಳ ಮನಸ್ಸನ್ನು ಅವನತ್ತ ತಿರುಗಿಸಿದ್ದು ಇಂದ್ರನ ಅಪ್ಪಣೆ. ಆದರೆ ಅರ್ಜುನ ಅವಳನ್ನು ತಾಯಿಯಂತೆ ಕಂಡು ಕೈಮುಗಿದ. ಅವಮಾನಗೊಂಡ ಊರ್ವಶಿ ನಪುಂಸಕನಾಗು ಎಂದು ಶಪಿಸಿದಳು. ಇಂದ್ರ ಆ ಶಾಪವನ್ನು ಒಂದು ವರ್ಷಕ್ಕೆ ಇಳಿಸಿದ. ಅಪ್ಪಣೆ ಕೊಟ್ಟವನಿಗೆ ಏನೂ ಆಗಲಿಲ್ಲ, ಅವಮಾನ ಊರ್ವಶಿಯ ಪಾಲಿಗೆ ಬಂತು, ಶಾಪ ಅರ್ಜುನನ ಪಾಲಿಗೆ ಬಂತು. ಆ ಒಂದು ವರ್ಷವನ್ನೇ ಅರ್ಜುನ ಬೃಹನ್ನಳೆಯಾಗಿ ವಿರಾಟನ ಅರಮನೆಯಲ್ಲಿ ಕಳೆದ. ನಮ್ಮ ಮೂರನೆಯ ಮತ್ತು ಮುಖ್ಯವಾದ ಕಥೆ ನಡೆಯುವುದೂ ಆ ಅರಮನೆಯಲ್ಲಿಯೇ.

ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ನಾಡಿನಲ್ಲಿದೆ. ಮಳೆಯ ವಿಷಯ ಹಾಗಿರಲಿ, ಕೆಲಸದ ಜಾಗದ ಕಥೆಯಾಗಿ ಅದನ್ನು ಓದಿದರೆ ಆಶ್ಚರ್ಯವಾಗುತ್ತದೆ. ಅಜ್ಞಾತವಾಸದ ಆ ವರ್ಷ ಪಾಂಡವರೆಲ್ಲರೂ ನೌಕರರು. ಧರ್ಮರಾಯ ಕಂಕನಾಗಿ ರಾಜನ ಜೂಜಿನ ಜೊತೆಗಾರ, ಭೀಮ ವಲಲನಾಗಿ ಅಡುಗೆಯವ, ಅರ್ಜುನ ನಾಟ್ಯದ ಶಿಕ್ಷಕ, ನಕುಲ ಸಹದೇವರು ಕುದುರೆ ದನಗಳನ್ನು ನೋಡಿಕೊಳ್ಳುವವರು. ದ್ರೌಪದಿ ಸೈರಂಧ್ರಿ ಎಂಬ ಹೆಸರಿನಲ್ಲಿ ರಾಣಿ ಸುದೇಷ್ಣೆಯ ಶೃಂಗಾರದ ಕೆಲಸಕ್ಕೆ ಸೇರಿದಳು. ಸೇರುವಾಗಲೇ ಅವಳು ಕರಾರು ಹಾಕಿದ್ದಳು. ಯಾರ ಎಂಜಲನ್ನೂ ಮುಟ್ಟುವುದಿಲ್ಲ, ಯಾರ ಕಾಲನ್ನೂ ತೊಳೆಯುವುದಿಲ್ಲ, ನನಗೆ ಐವರು ಗಂಧರ್ವ ಗಂಡಂದಿರಿದ್ದಾರೆ, ಯಾರೂ ನನ್ನ ಮೇಲೆ ಕಣ್ಣು ಹಾಕಬಾರದು ಎಂದಳು. ರಾಣಿ ಒಪ್ಪಿದಳು. ಸೇವೆಯ ನಿಯಮವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಇನ್ನು ಕೀಚಕ. ಅವನು ರಾಣಿಯ ತಮ್ಮ, ರಾಜ್ಯದ ಸೇನಾಪತಿ. ರಾಜನೇ ಅವನ ತೋಳ್ಬಲವನ್ನು ನಂಬಿ ಸಿಂಹಾಸನದ ಮೇಲೆ ಕುಳಿತವನು. 'ಕೀಚಕವಧೆ' ಪ್ರಸಂಗ ಎಂದೊಡನೆ ನಮ್ಮ ಕಡೆಯ ಹಿರಿಯರ ಬಾಯಿಂದ ಬರುವ ಹೆಸರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು. ಹೊನ್ನಾವರ ತಾಲ್ಲೂಕಿನ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. 2017ರಲ್ಲಿ ಅವರು ತೀರಿಕೊಂಡರು. ಅವರ ಕೀಚಕನ ಶೃಂಗಾರವನ್ನು ನೋಡುವುದಕ್ಕೆಂದೇ ಜನ ದೂರದೂರದಿಂದ ಬರುತ್ತಿದ್ದರು. ಸೈರಂಧ್ರಿಯನ್ನು ಕಂಡ ಕೀಚಕ ಮೈಮರೆಯುವುದು, ಕಣ್ಣಿನಲ್ಲೇ ಅವಳ ರೂಪವನ್ನು ವರ್ಣಿಸುವುದು, ಹಿಂದೆ ಮುಂದೆ ಸುಳಿಯುವುದು, ಇವೆಲ್ಲ ಕುಣಿತದಲ್ಲಿ ಬರುವಾಗ ಸಭೆ ನಗುತ್ತದೆ, ಚಪ್ಪಾಳೆ ತಟ್ಟುತ್ತದೆ. ಆ ಹೊತ್ತಿಗೆ ಕೀಚಕ ಖಳನಾಗಿ ಕಾಣುವುದಿಲ್ಲ, ಒಲವಿಗೆ ಸಿಕ್ಕಿಕೊಂಡ ಒಬ್ಬ ಗಂಡಸಾಗಿ ಕಾಣುತ್ತಾನೆ. ಇದು ಕಲಾವಿದನ ಗೆಲುವು. ಕೆಟ್ಟವನು ಕೆಟ್ಟವನಾಗಿಯೇ ಪ್ರವೇಶ ಮಾಡುವುದಿಲ್ಲ ಎಂಬ ಸತ್ಯವನ್ನು ಅವನು ನಮಗೆ ತೋರಿಸಿಕೊಡುತ್ತಾನೆ.

ಹಾಗಾದರೆ ನಗು ಎಲ್ಲಿ ನಿಲ್ಲಬೇಕು? ಸೈರಂಧ್ರಿ 'ಒಲ್ಲೆ' ಎಂದ ಕ್ಷಣದಲ್ಲಿ. ಅಲ್ಲಿಯವರೆಗೆ ಕೀಚಕನದು ಒಂದು ಕಡೆಯ ಒಲವು. ಅದರ ನಂತರ ಅದು ಒಲವಲ್ಲ. ಅವನು ಮೊದಲು ಆಸೆ ತೋರಿಸುತ್ತಾನೆ. ಆಭರಣ ಕೊಡುತ್ತೇನೆ, ದಾಸಿಯರನ್ನು ಕೊಡುತ್ತೇನೆ, ಮಡದಿಯರನ್ನೂ ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ಅದಕ್ಕೆ ಬಗ್ಗದಿದ್ದಾಗ ಅಧಿಕಾರ ತೋರಿಸುತ್ತಾನೆ. ಕೊನೆಗೆ ಕೈ ಮಾಡುತ್ತಾನೆ. ಸ್ಮಿದರ್ಸನನ್ನು ನೋಡಿ ನಾವು ನಿಶ್ಚಿಂತೆಯಿಂದ ನಗುವುದಕ್ಕೂ ಕೀಚಕನನ್ನು ನೋಡಿ ಹಾಗೆ ನಗಲಾಗದಿರುವುದಕ್ಕೂ ಕಾರಣ ಇದೇ. ಒಲವು ಎರಡೂ ಕಡೆ ಅತಿಯಾದದ್ದೇ. ಆದರೆ ಸ್ಮಿದರ್ಸನ ಒಲವಿಗೆ ಬರ್ನ್ಸನ ಕೆಲಸವನ್ನು ಕಿತ್ತುಕೊಳ್ಳುವ ಶಕ್ತಿ ಇಲ್ಲ, ಕೀಚಕನ ಆಸೆಗೆ ಸೈರಂಧ್ರಿಯ ಬದುಕನ್ನೇ ಕಿತ್ತುಕೊಳ್ಳುವ ಶಕ್ತಿ ಇದೆ.

ಈ ಕಥೆಯಲ್ಲಿ ಕೀಚಕನೊಬ್ಬನೇ ತಪ್ಪುಗಾರನಲ್ಲ ಎಂಬುದನ್ನೂ ಗಮನಿಸಬೇಕು. ರಾಣಿ ಸುದೇಷ್ಣೆಗೆ ಕರಾರು ಗೊತ್ತು, ತಮ್ಮನ ಮನಸ್ಸೂ ಗೊತ್ತು. ಆದರೂ ಮದ್ಯ ತರುವ ನೆಪದಲ್ಲಿ ಸೈರಂಧ್ರಿಯನ್ನು ಅವನ ಮನೆಗೆ ಕಳಿಸುತ್ತಾಳೆ. ಅಲ್ಲಿಂದ ತಪ್ಪಿಸಿಕೊಂಡು ಸೈರಂಧ್ರಿ ರಾಜಸಭೆಗೆ ಓಡಿಬಂದಾಗ ಕೀಚಕ ಅಲ್ಲಿಯೇ ಅವಳನ್ನು ಒದೆಯುತ್ತಾನೆ. ರಾಜ ವಿರಾಟ ಏನು ಹೇಳುತ್ತಾನೆ ಗೊತ್ತೆ? ನಿಮ್ಮಿಬ್ಬರ ಜಗಳ ನನ್ನ ಕಣ್ಣ ಮುಂದೆ ನಡೆದದ್ದಲ್ಲ, ಅದರ ನಿಜ ತಿಳಿಯದೆ ನಾನು ಏನು ಮಾಡಲಿ ಎನ್ನುತ್ತಾನೆ. ವ್ಯಾಸಭಾರತದಲ್ಲಿ ಈ ಅರ್ಥದ ಮಾತು ಇದೆ. ಒದೆ ಬಿದ್ದದ್ದು ಅವನ ಕಣ್ಣ ಮುಂದೆಯೇ! ಸಭೆಯವರು ಸೈರಂಧ್ರಿಯನ್ನು ಹೊಗಳುತ್ತಾರೆ, ಕೀಚಕನನ್ನು ಬಾಯಲ್ಲಿ ನಿಂದಿಸುತ್ತಾರೆ, ಯಾರೂ ಏಳುವುದಿಲ್ಲ. ಕಂಕನಾಗಿ ಕುಳಿತ ಧರ್ಮರಾಯನಿಗೆ ಗುಟ್ಟು ರಟ್ಟಾಗುವ ಭಯ. ಒಳಗೆ ಹೋಗು ಎಂದು ಅವಳಿಗೇ ಹೇಳುತ್ತಾನೆ. ಅವಳು ಕೆಲಸ ಬಿಟ್ಟು ಹೋಗೋಣವೆಂದರೆ ಅಜ್ಞಾತವಾಸ ಮುಗಿದಿಲ್ಲ. ಇಂದು ಸಂಬಳವನ್ನೇ ನಂಬಿದ ಹುಡುಗಿ, ಅನುಭವದ ಪ್ರಮಾಣಪತ್ರಕ್ಕಾಗಿ ಕಾದಿರುವ ಹುಡುಗ ಇಬ್ಬರೂ ಹೀಗೆಯೇ ಸಿಕ್ಕಿಕೊಂಡಿರುತ್ತಾರೆ.

ಆಟದಲ್ಲಿ ಭೀಮ ಬಂದು ನರ್ತನಶಾಲೆಯಲ್ಲಿ ಕೀಚಕನನ್ನು ಕೊಲ್ಲುವುದರೊಂದಿಗೆ ಪ್ರಸಂಗದ ಬಿಸಿ ಮುಗಿಯುತ್ತದೆ. ಆದರೆ ಮೂಲ ಕಥೆಯಲ್ಲಿ ಆಮೇಲೆ ಒಂದು ಸಣ್ಣ ಸಂಗತಿ ಇದೆ. ಊರಿನವರಿಗೆ ಸೈರಂಧ್ರಿಯನ್ನು ಕಂಡರೆ ಭಯ. ರಾಜನ ಮಾತಿನಂತೆ ರಾಣಿ ಅವಳನ್ನು ಕರೆದು, ನೀನು ಇಲ್ಲಿಂದ ಹೊರಟುಹೋಗು ಎನ್ನುತ್ತಾಳೆ. ಅನ್ಯಾಯ ಮಾಡಿದವನಿಗೆ ಸಭೆಯಲ್ಲಿ ಒಂದು ಮಾತಿನ ಶಿಕ್ಷೆಯೂ ಆಗಿರಲಿಲ್ಲ. ಅನ್ಯಾಯ ಹೇಳಿಕೊಂಡವಳಿಗೆ ಕೆಲಸ ಬಿಡುವ ಅಪ್ಪಣೆಯಾಯಿತು! ಇನ್ನು 13 ದಿನ ಇರಗೊಡಿ ಎಂದು ಅವಳು ಬೇಡಿಕೊಳ್ಳಬೇಕಾಯಿತು. ಕೆಲಸದ ಜಾಗದಲ್ಲಿ ದೂರು ಕೊಟ್ಟವರೇ ಊರಿಗೆ ಬೇಡವಾಗುವುದು ಹೊಸ ಸಂಗತಿಯಲ್ಲ.

ಎಲ್ಲರಿಗೂ ಭೀಮ ಸಿಗುವುದಿಲ್ಲ, ಸಿಗಲೂಬಾರದು. ನಾಗರಿಕ ಸಮಾಜದಲ್ಲಿ ಭೀಮನ ಗದೆಯ ಜಾಗದಲ್ಲಿ ಕಾನೂನು ಇರಬೇಕು. ನಮ್ಮಲ್ಲಿ ಅದು ಬರುವುದು ತಡವಾಯಿತು. 1992ರಲ್ಲಿ ರಾಜಸ್ಥಾನದ ಹಳ್ಳಿಯೊಂದರಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕಾರ್ಯಕರ್ತೆಯೊಬ್ಬರ ಮೇಲೆ ಘೋರ ಅತ್ಯಾಚಾರ ನಡೆಯಿತು. ಅದರ ಬೆನ್ನಿಗೆ ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. 1997ರ ಆಗಸ್ಟ್ 13ರಂದು ಬಂದ ವಿಶಾಖಾ ತೀರ್ಪು ಕೆಲಸದ ಜಾಗಗಳಿಗೆ ಮಾರ್ಗಸೂಚಿ ಹಾಕಿಕೊಟ್ಟಿತು. ಅದು ಪೂರ್ಣ ಕಾನೂನಾಗಿ ಜಾರಿಗೆ ಬಂದದ್ದು 2013ರ ಡಿಸೆಂಬರ್ 9ರಂದು.

ಈ ಕಾನೂನಿನ ನಾಲ್ಕು ಅಂಶಗಳನ್ನು ಬರೆದಿಟ್ಟುಕೊಳ್ಳಿ. ಒಂದು, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಒಂದು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ಎರಡು, ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಮನೆಗೆಲಸದಂಥ ಕಡೆಯಾದರೆ, ಅಥವಾ ದೂರು ಮಾಲೀಕರ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಅದಕ್ಕಾಗಿ ಕಾರವಾರದವರೆಗೆ ಅಲೆಯಬೇಕಿಲ್ಲ, ದೂರು ಸ್ವೀಕರಿಸಲು ತಾಲ್ಲೂಕಿಗೊಬ್ಬ ಅಧಿಕಾರಿಯನ್ನು ನೇಮಿಸಬೇಕೆಂದು ಕಾನೂನೇ ಹೇಳುತ್ತದೆ. ಮೂರು, ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶವಿದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ನಾಲ್ಕು, ಕಾನೂನು ಹಿಡಿಯುವುದು ಒಲವನ್ನಲ್ಲ, ಬೇಡವೆಂದರೂ ನಡೆಯುವ ಲೈಂಗಿಕ ವರ್ತನೆಯನ್ನು. ಬಡ್ತಿಯ ಆಸೆ, ಕೆಲಸ ಕಳೆಯುವ ಬೆದರಿಕೆ ಇವೂ ಅದರಲ್ಲಿ ಸೇರುತ್ತವೆ. ಕೀಚಕ ತೋರಿಸಿದ ಆಸೆಯನ್ನೂ ಬೆದರಿಕೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಈ ಕಾನೂನಿನಲ್ಲಿ ದೂರು ಕೊಡುವ ಹಕ್ಕು ಮಹಿಳೆಯರಿಗೆ ಇದೆ. ಉನ್ನತ ಶಿಕ್ಷಣದ ವಿದ್ಯಾರ್ಥಿಗಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಬೇರೆ ನಿಯಮಗಳನ್ನು ಮಾಡಿದೆ. ಹದಿನೆಂಟು ವರ್ಷದೊಳಗಿನವರು 1098ಕ್ಕೆ ಕರೆ ಮಾಡಿ ನೆರವು ಕೇಳಬಹುದು.

ಈಗ ಮತ್ತೆ ಸಾಹೇಬರ ಮೇಲೆ ಮನಸ್ಸಿಟ್ಟ ಆ ಪಾತ್ರದ ಹತ್ತಿರ ಬರೋಣ. ಏಕೆಂದರೆ ನಾಳೆ ಆ ಪಾತ್ರ ನೀವೇ ಆಗಬಹುದು. ಮೊದಲ ಕೆಲಸ, ಗುರುತಿಲ್ಲದ ಊರು, ಬಾಡಿಗೆ ಕೋಣೆ. ಅಂಥಲ್ಲಿ ಒಬ್ಬರು ನಿಮ್ಮ ಕೆಲಸವನ್ನು ಮೆಚ್ಚುತ್ತಾರೆ, ತಪ್ಪು ಮಾಡಿದಾಗ ಕೂಗಾಡದೆ ತಿದ್ದುತ್ತಾರೆ, ಊಟ ಆಯಿತೆ ಎಂದು ಕೇಳುತ್ತಾರೆ. ಮನೆ ಬಿಟ್ಟು ಬಂದ ಮನಸ್ಸಿಗೆ ಇಷ್ಟು ಸಾಕು. ಗೌರವ, ಕೃತಜ್ಞತೆ, ಒಲವು ಈ ಮೂರೂ ಬೇರೆ ಬೇರೆ ಎಳೆಗಳಾದರೂ ಆ ವಯಸ್ಸಿನಲ್ಲಿ ಒಂದೇ ಹುರಿಯಾಗಿ ಕಾಣುತ್ತವೆ. ಇದಕ್ಕೆ ನಾಚಿಕೆಪಡಬೇಕಾಗಿಲ್ಲ. ಅಧಿಕಾರಿ ಗಂಡಸಾಗಲಿ ಹೆಂಗಸಾಗಲಿ, ನೀವು ಹುಡುಗರಾಗಲಿ ಹುಡುಗಿಯರಾಗಲಿ, ಮಾತು ಒಂದೇ.

ಆದರೆ ಕೆಲವು ಪ್ರಶ್ನೆಗಳನ್ನು ನಿಮಗೆ ನೀವೇ ಹಾಕಿಕೊಳ್ಳಿ. ಇವರು ಆ ಕುರ್ಚಿಯಲ್ಲಿ ಇಲ್ಲದೆ ನಮ್ಮೂರಿನ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತಿದ್ದರೆ ಹೀಗೆಯೇ ಅನ್ನಿಸುತ್ತಿತ್ತೆ? ನನಗೆ ತೋರಿಸುವ ವಿಶ್ವಾಸವನ್ನು ಉಳಿದವರಿಗೂ ತೋರಿಸುತ್ತಾರೆಯೆ? ಹಾಗಾದರೆ ಅದು ಅವರ ಒಳ್ಳೆಯತನ, ನಿಮಗೆ ಕಳಿಸಿದ ಸಂದೇಶವಲ್ಲ. ಅವರು ವಿವಾಹಿತರೆ? ಅವರಿಗೆ ಅವರದೇ ಸಂಸಾರವಿದೆಯೆ? ಹಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಯಾವ ಅಡ್ಡಿಯೂ ಇಲ್ಲದೆ, ಇಬ್ಬರೂ ವಯಸ್ಕರಾಗಿದ್ದು, ಹೇಳಲೇಬೇಕು ಅನ್ನಿಸಿದರೆ ಒಮ್ಮೆ, ಒಂದೇ ಸಲ, ಮರ್ಯಾದೆಯಿಂದ ಹೇಳಬಹುದು. 'ಇಲ್ಲ' ಎಂದರೆ ಮರುದಿನ ಎಂದಿನಂತೆ ಕೆಲಸಕ್ಕೆ ಹೋಗುವ ಗಟ್ಟಿತನ ನಿಮಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆ ಗಟ್ಟಿತನವಿಲ್ಲದೆ ಹೇಳಿದರೆ ಒಲವು ದೇವಯಾನಿಯ ಹಾಗೆ ಶಾಪವಾಗುತ್ತದೆ.

ಜೊತೆಯ ಕೆಲಸಗಾರರಿಗೂ ಒಂದು ಮಾತು. ಧಾರಾವಾಹಿಯಲ್ಲಿ ಒಬ್ಬನ ಗುಟ್ಟನ್ನು ಹಿಡಿದು ಕಚೇರಿಯೆಲ್ಲ ನಗುತ್ತದೆ, ಅರ್ಧ ಗಂಟೆಗೆ ಮುಗಿಯುತ್ತದೆ. ನಿಜವಾದ ಕಚೇರಿಯಲ್ಲಿ ಅದು ಮುಗಿಯುವುದಿಲ್ಲ. ನಮ್ಮದು ಸಣ್ಣ ಊರುಗಳು. ಶಿರಸಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಆಡಿದ ಮಾತು, ಆಡಿದವರು ಬಸ್ಸು ಹತ್ತುವ ಮೊದಲೇ ಸಿದ್ದಾಪುರ ಸೇರಿರುತ್ತದೆ. ಈಗ ಮೊಬೈಲ್ ಬಂದ ಮೇಲಂತೂ ಬಸ್ಸಿನ ಲೆಕ್ಕವೂ ಇಲ್ಲ. ಹೆಸರು ಕೆಡುವುದು ಹೆಚ್ಚಾಗಿ ಕೆಳಗಿನವರದು, ಅದರಲ್ಲಿಯೂ ಹುಡುಗಿಯರದು. 'ಕೆಲಸ ಬಿಟ್ಟು ಮನೆಗೆ ಬಾ' ಎಂದು ತಂದೆ ತಾಯಿ ಕರೆಸಿಕೊಂಡರೆ ಕಷ್ಟಪಟ್ಟು ಪಡೆದ ಓದೂ ಸಂಬಳವೂ ಅಲ್ಲಿಗೇ ನಿಂತುಹೋಗುತ್ತವೆ. ಗೆಳತಿಯ ಅಥವಾ ಗೆಳೆಯನ ಮನಸ್ಸು ನಿಮಗೆ ತಿಳಿದರೆ ಅದು ನಿಮ್ಮಲ್ಲಿಟ್ಟ ಇಡಗಂಟು ಎಂದು ತಿಳಿಯಿರಿ. ಕೂತು ಮಾತನಾಡಿ, ಸಮಾಧಾನ ಹೇಳಿ, ಹೊರಗೆ ಹೇಳಬೇಡಿ. ಆದರೆ ಯಾರಾದರೂ ನನಗೆ ತೊಂದರೆಯಾಗುತ್ತಿದೆ ಎಂದು ಹೇಳಿಕೊಂಡಾಗ ಮಾತ್ರ ಆ ಸಭೆಯವರಂತೆ ಕುಳಿತಿರಬೇಡಿ.

ಕೊನೆಯದಾಗಿ, ನಿಮ್ಮಲ್ಲಿ ಕೆಲವರು ಒಂದು ದಿನ ಸಾಹೇಬರೂ ಆಗುತ್ತೀರಿ. ಆಗ ನಿಮ್ಮ ಕೈಕೆಳಗಿನವರೊಬ್ಬರ ಕಣ್ಣಿನಲ್ಲಿ ಇಂಥದೊಂದು ಒಲವು ನಿಮಗೆ ಕಂಡರೆ ಏನು ಮಾಡುತ್ತೀರಿ? ಬರ್ನ್ಸನಂತೆ ಕುರುಡಾಗಿರುವುದು ಸುಲಭ. ಜಸ್ಸಿಯ ಸಾಹೇಬನಂತೆ ಬಳಸಿಕೊಳ್ಳುವುದು ಅನ್ಯಾಯ. ಊರ್ವಶಿಗೆ ಕೈಮುಗಿದ ಅರ್ಜುನನಂತೆ ದೂರವಿದ್ದೂ ಗೌರವ ಕೊಡುವುದು ಮೂರನೆಯ ದಾರಿ. ನಿಮ್ಮ ಮನಸ್ಸೇ ಕೈಕೆಳಗಿನವರ ಮೇಲೆ ಹೋದರೆ ಹೊಣೆ ಇನ್ನೂ ಹೆಚ್ಚು. ನಿಮ್ಮ ಸಹಿಯಿಂದ ಸಂಬಳ ಪಡೆಯುವವರು 'ಹೂಂ' ಎಂದಾಗ ಅದು ಮನಸ್ಸಿನಿಂದ ಬಂತೋ ಭಯದಿಂದ ಬಂತೋ ತಿಳಿಯುವುದು ಕಷ್ಟ. 'ಒಲ್ಲೆ' ಎಂದರೆ ಏನೂ ಕಳೆದುಕೊಳ್ಳುವುದಿಲ್ಲ ಎಂಬ ಧೈರ್ಯ ಅವರಿಗೆ ಇದ್ದಾಗ ಮಾತ್ರ 'ಹೂಂ' ಎಂಬುದಕ್ಕೆ ಬೆಲೆ. ಇಂದಿನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ನಿಮ್ಮ ಶಾಲೆ ಕಾಲೇಜುಗಳಲ್ಲಿ ತಾಳಮದ್ದಲೆ ನಡೆಸುವ ಅವಕಾಶವಿದ್ದರೆ ಒಂದು ಪ್ರಯೋಗ ಮಾಡಿ ನೋಡಿ. ವಿರಾಟನ ಸಭೆಯ ಸನ್ನಿವೇಶವನ್ನು ಎತ್ತಿಕೊಳ್ಳಿ. ಹಿಂದೆ ಸೈರಂಧ್ರಿಯ ಅರ್ಥವನ್ನು ಹೆಚ್ಚಾಗಿ ಗಂಡಸರೇ ಹೇಳುತ್ತಿದ್ದರು. ಈಗ ನಮ್ಮ ತಾಲ್ಲೂಕುಗಳಲ್ಲಿ ಮಹಿಳೆಯರೂ ಹುಡುಗಿಯರೂ ತಾಳಮದ್ದಲೆಯಲ್ಲಿ ಕೂರುತ್ತಾರೆ. ಸೈರಂಧ್ರಿಯ ಅರ್ಥವನ್ನು ಒಬ್ಬ ಹುಡುಗಿ ಹೇಳಲಿ. ವಿರಾಟನ ಅರ್ಥ ಹೇಳುವ ಹುಡುಗ, ಕಣ್ಣ ಮುಂದೆ ಕಂಡದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಕಾರಣ ಕೊಡಲಿ. ಸುದೇಷ್ಣೆಯಾದವಳು ಗೊತ್ತಿದ್ದೂ ಏಕೆ ಕಳಿಸಿದೆ ಎಂಬ ಪ್ರಶ್ನೆಗೆ ಉತ್ತರ ಹೇಳಲಿ. ವಾದ ಮಾಡುತ್ತ ಮಾಡುತ್ತ ಆ ಅರಮನೆಯಲ್ಲಿ ನೀವು ಯಾರಾಗಿರಬಯಸುತ್ತೀರಿ ಎಂಬುದು ನಿಮಗೇ ತಿಳಿಯುತ್ತದೆ.